ಮೇಜಿಗೆ ನಾಲ್ಕೇ ಕುರ್ಚಿ

ಭಾನುವಾರ ಬೆಳಿಗ್ಗೆ ಇಡೀ ಕಟ್ಟಡದ ಇಂಟರ್ನೆಟ್ಟು ಬಸವನಹುಳುವಿನ ಹಾಗೆ ತೆವಳತೊಡಗಿದ್ದಕ್ಕೆ ಕಾರಣ ಮೂರನೇ ಮಹಡಿಯ ಫೋಟೋದವನು. ಎಲ್ಲ ಮನೆಗಳಿಗೂ ಸೇರಿ ಇದ್ದದ್ದು ಒಂದೇ ಸಂಪರ್ಕ. ಅವನು ಅದರಲ್ಲಿ ಆನೆಯಂಥ ಒಂದು ಮಾಡ್ ಇಳಿಸಿಕೊಳ್ಳಲು ಕೂತಿದ್ದ.

ಮಾಡ್ ಎಂದರೆ ಆಟ ತಯಾರಿಸಿದವರು ಕೊಡದೆ ಬಿಟ್ಟದ್ದನ್ನು ಆಡುವವರೇ ಹೊಲಿದು ಸೇರಿಸಿಕೊಳ್ಳುವ ತೇಪೆ. ಅವನು ಕಂಪ್ಯೂಟರಿನಲ್ಲಿ ಆಡುತ್ತಿದ್ದದ್ದು ಬದುಕುವ ಆಟ. ಅದರೊಳಗಿನ ಗೊಂಬೆಮನುಷ್ಯರು ಏಳುತ್ತಾರೆ, ಹಲ್ಲುಜ್ಜುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಬಂದು ಮಲಗುತ್ತಾರೆ. ಆದರೆ ಅಲ್ಲಿನ ನೆರೆಹೊರೆಯವರು ಎದುರಾದರೆ ಸುಮ್ಮನೆ ತಲೆಯಾಡಿಸಿ ಮುಂದೆ ಹೋಗಿಬಿಡುತ್ತಿದ್ದರು. ಇದನ್ನು ನೋಡಲು ಆಟವೇ ಬೇಕೇ, ಮೆಟ್ಟಿಲಿಳಿದರೆ ಸಾಕಲ್ಲ ಎಂದು ಅವನಿಗೆ ಅನಿಸಿತ್ತು.

ಅವನ ಉದ್ಯೋಗ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತಿದ್ದುವುದು. ಕಟ್ಟಡದವರ ಮುಖಗಳೆಲ್ಲ ಒಂದಲ್ಲ ಒಂದು ಸಲ ಅವನ ಕೈಕೆಳಗೆ ಹಾದುಹೋಗಿದ್ದವು. ಯಾರ ಗಲ್ಲದಲ್ಲಿ ಎಲ್ಲಿ ಮಚ್ಚೆ ಎಂಬುದು ಬಾಯಿಪಾಠ. ಹಾಗಾಗಿ ಹಿಂದೆಯೇ ಒಂದು ಮಾಡ್ ಹಾಕಿ ಆಟದ ಗೊಂಬೆಗಳಿಗೆ ಅವರ ಮುಖಗಳನ್ನೇ ಕೂರಿಸಿದ್ದ: ನೆಲಮಹಡಿಯ ಆಂಟಿ, ಎರಡನೇ ಮಹಡಿಯ ಡ್ರೈವಿಂಗ್ ಮೇಷ್ಟ್ರು, ಪಕ್ಕದ ಮನೆಯ ನರ್ಸ್. ನಾಲ್ಕನೆಯವನು ತಾನು. ಅದೇ ಬಾಗಿದ ಬೆನ್ನು, ಅದೇ ಗೆರೆಗೆರೆ ಅಂಗಿ. ಬೇರೆಯವರ ತಲೆಯ ಮೇಲೆ ಯಾರೆಂದು ಬರೆದಿದ್ದ. ತನ್ನದರ ಮೇಲೆ ಏನೂ ಬರೆದಿರಲಿಲ್ಲ. ತನ್ನ ಮನೆಯಲ್ಲಿ ತನಗ್ಯಾತಕ್ಕೆ ಹೆಸರು.

ಈಗ ಇಳಿಯುತ್ತಿದ್ದದ್ದು ‘ಒಂದೇ ಮೇಜು’ ಎಂಬ ಮಾಡ್. ಹಾಕಿದರೆ ನೆರೆಯವರು ತಾವಾಗಿಯೇ ಬಂದು ಜೊತೆಗೆ ಊಟಕ್ಕೆ ಕೂರುತ್ತಾರಂತೆ. ಅವನು ಬೆಳಗಿನಿಂದ ಅದಕ್ಕಾಗಿ ಹಸಿದು ಕಾದಿದ್ದ.

ಅಷ್ಟರಲ್ಲಿ ನಿಜವಾದ ಬಾಗಿಲು ಬಡಿದ ಸದ್ದಾಯಿತು. ಆಂಟಿ.

“ಏನಪ್ಪಾ, ನನ್ನ ಧಾರಾವಾಹಿ ಅಲ್ಲೇ ನಿಂತ್ಬಿಟ್ಟಿದೆ. ಆ ಸೊಸೆ ಬಾಯಿ ತೆರೆದವಳು ಇನ್ನೂ ಮುಚ್ಚಿಲ್ಲ. ನೆಟ್ಟೆಲ್ಲಾ ನೀನೇ ಕುಡೀತಿದ್ದೀಯಾ ಹೇಗೆ?”

ಅವನು ಪರದೆಗೆ ಅಡ್ಡ ನಿಂತ. ಕೊಡೆಕಡ್ಡಿಯಂಥ ಮೈ, ಅದು ಏನನ್ನು ತಾನೇ ಮರೆಮಾಡೀತು. ಆಂಟಿ ಅವನ ಹೆಗಲಾಚೆ ಇಣುಕಿದರು.

“ಇದು ನಾನಲ್ವಾ?”

“ತಪ್ಪಾಯ್ತು ಆಂಟಿ. ಈಗಲೇ ಅಳಿಸ್ತೀನಿ.”

“ತಪ್ಪೇ ಮತ್ತೆ. ನಾನು ಇಷ್ಟು ದಪ್ಪ ಇದ್ದೀನಾ? ಸೊಂಟ ಸ್ವಲ್ಪ ಇಳಿಸು.” ಇದ್ದ ಒಂದೇ ಕುರ್ಚಿಯಲ್ಲಿ ಕೂತೇಬಿಟ್ಟರು.

ನೆಟ್ಟಿನ ವಿಚಾರಣೆಗೆಂದು ಹತ್ತಿ ಬಂದ ಮೇಷ್ಟ್ರು ತಮ್ಮ ಗೊಂಬೆ ಕಾರು ನಿಲ್ಲಿಸಿದ್ದನ್ನು ನೋಡಿ ಕೆಂಡವಾದರು. “ಗೋಡೆಗೆ ಹೀಗಾ ತಾಗಿಸಿ ನಿಲ್ಸೋದು? ಶಿಷ್ಯರು ನೋಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಸರಿಮಾಡಯ್ಯ. ಹಾಗೇ ತಲೆ ಮೇಲೆ ನಾಲ್ಕು ಕೂದಲಿದ್ರೂ ನಾನೇನು ಬೇಡ ಅನ್ನಲ್ಲ.” ಅವರು ಬಕೆಟ್ಟು ಬೋರಲು ಹಾಕಿ ಕೂತರು.

ಗದ್ದಲ ಕೇಳಿ ನರ್ಸೂ ಬಂದು ಮಂಚದ ಅಂಚಿಗೆ ಒರಗಿದಳು. “ನನ್ನನ್ಯಾಕೆ ಬರೀ ಮಲಗಿಸಿದ್ದೀರಿ?”

“ರಾತ್ರಿಪಾಳಿ ಮುಗಿಸಿ ಬರ್ತೀರಲ್ಲ. ಸುಸ್ತಾಗಿರುತ್ತೆ ಅಂತ.”

ಅವಳು ಪರದೆಯತ್ತ ಬಗ್ಗಿ ತನ್ನ ಗೊಂಬೆಯನ್ನು ನೋಡಿದಳು. “ಹಾಗಾದ್ರೆ ಇನ್ನೊಂದು ದಿಂಬು ಕೊಡಿ.”

ಅವನು ಸೊಂಟ ಇಳಿಸಿದ, ಕೂದಲು ಹಚ್ಚಿದ, ದಿಂಬು ಕೊಟ್ಟ. ಮಾಡ್ ಇಳಿದು ಮುಗಿಯಿತು. ಕಟ್ಟಡದ ನೆಟ್ಟು ಮತ್ತೆ ಓಡತೊಡಗಿತು. ಆದರೂ ಯಾರೂ ಏಳಲಿಲ್ಲ. ಅವನು ನೆಪ ಮಾಡಿಕೊಂಡು ಎರಡು ಸಲ ಬಾಗಿಲಿಗೆ ಹೋಗಿ ಹೊರಗೆ ಬಿಟ್ಟಿದ್ದ ಚಪ್ಪಲಿಗಳನ್ನು ನೋಡಿ ಬಂದ. ಅಷ್ಟು ಜೋಡಿ ಅಲ್ಲಿ ಒಟ್ಟಿಗೆ ಬಿದ್ದದ್ದು ಇದೇ ಮೊದಲು.

ಪರದೆಯ ಮೇಲೆ ಮೇಜು ಬಂತು, ಸುತ್ತ ನಾಲ್ಕು ಕುರ್ಚಿ. ನಾಲ್ವರೂ ಬಂದು ಕೂತರು.

“ನನ್ನ ತಂಗೀನೂ ಕೂರಿಸಪ್ಪ,” ಎಂದರು ಆಂಟಿ. “ನಾವಿಬ್ಬರೂ ಮಾತು ಬಿಟ್ಟು ಎಷ್ಟೋ ಕಾಲ ಆಯ್ತು. ಇದರಲ್ಲಾದ್ರೂ ಎದುರುಬದುರು ಕೂರ್ತೀವಿ.”

“ಕುರ್ಚಿ ನಾಲ್ಕೇ ಆಂಟಿ. ಜಾಸ್ತಿ ಬೇಕಂದ್ರೆ ಬೇರೆ ಮಾಡ್ ಹುಡುಕ್ಬೇಕು.”

“ಹುಡುಕಿದ್ರಾಯ್ತು. ಮೊದಲು ಟೀ ಕೊಡ್ತೀಯೋ ಇಲ್ವೋ?”

ಅವನ ಬಳಿ ಇದ್ದದ್ದು ಒಂದೇ ಲೋಟ. ಫ್ಲಾಸ್ಕು ಹಿಡಿದು ರಸ್ತೆ ತುದಿಯ ಅಂಗಡಿಗೆ ಓಡಿದ. ಟೀ ತುಂಬಿಸಿ, ಪೇಪರ್ ಕಪ್ಪು ಕೊಂಡು ಹಿಂತಿರುಗುವಾಗ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯ ಮುಂದೆ ಅವನ ಕಾಲು ನಿಂತಿತು. ಮೇಷ್ಟ್ರು ಪಾಪ ಬಕೆಟ್ಟಿನ ಮೇಲೆ ಕೂತಿದ್ದಾರೆ; ನಾಳೆಯೂ ಬಂದರೆ? ಎರಡು ಸ್ಟೂಲು ಕೊಂಡು ಎದೆಗೆ ಅವುಚಿಕೊಂಡು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ.

ಬಾಗಿಲಲ್ಲಿ ಮೂವರೂ ಚಪ್ಪಲಿ ಮೆಟ್ಟುತ್ತಿದ್ದರು.

“ಬಂದ್ಯಾ,” ಎಂದರು ಆಂಟಿ. “ತಂಗೀನ ಕೂರಿಸಿಬಿಟ್ವಿ. ನನ್ನ ಮುಖಾನೇ ಹಾಕಿ ಒಂದು ಕನ್ನಡಕ ಕೊಟ್ವಿ, ಥೇಟ್ ಅವಳೇ.”

“ಕುರ್ಚಿ?”

“ಮೌಸು ನಾನೇ ಹಿಡಿದಿದ್ದೆ, ಸ್ಟೀರಿಂಗಿಗಿಂತ ಸುಲಭ,” ಎಂದರು ಮೇಷ್ಟ್ರು. “ಬಾಗಿಲ ಕಡೆ ಯಾವನೋ ಒಬ್ಬ ಕೂತಿದ್ದ. ಹೆಸರಿಲ್ಲ, ಮಾತಿಲ್ಲ, ಎಲ್ಲರನ್ನೂ ಪಿಳಿಪಿಳಿ ನೋಡ್ತಾ ಕೂತಿದ್ದ. ಅವನನ್ನ ತೆಗೆದು ಸೇವ್ ಮಾಡಿಬಿಟ್ಟೆ. ಈಗ ಮನೆ ಕಳೆಕಳೆಯಾಗಿದೆ ನೋಡು.”

ನರ್ಸ್ ಪೆನ್‌ಡ್ರೈವ್ ತೋರಿಸಿದಳು. “ಒಂದು ಕಾಪಿ ತಗೊಂಡಿದ್ದೀವಿ. ನನ್ನ ಲ್ಯಾಪ್‌ಟಾಪಿಂದ ಆಂಟಿ ಮನೆ ಟಿವಿಗೆ ಜೋಡಿಸ್ಕೊಳ್ತೀವಿ. ನಿಮಗೆ ಸುಮ್ನೆ ತೊಂದರೆ.”

“ನನ್ನ ಮಂಡಿಗೂ ಈ ಮೆಟ್ಟಿಲು ಆಗಲ್ಲಪ್ಪ,” ಎಂದರು ಆಂಟಿ.

ತೊಂದರೆ ಏನಿಲ್ಲ ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಮೇಷ್ಟ್ರು ಅವನ ಕೈಯಿಂದ ಫ್ಲಾಸ್ಕನ್ನೂ ಕಪ್ಪುಗಳನ್ನೂ ಇಸಿದುಕೊಂಡು ಇಳಿಯತೊಡಗಿದ್ದರು. ಅರ್ಧ ಮೆಟ್ಟಿಲಲ್ಲಿ ಆಂಟಿ ತಿರುಗಿದರು.

“ಅಂದ ಹಾಗೆ, ಆ ಗೆರೆಗೆರೆ ಅಂಗಿಯವನು ಯಾರು?”

ಅವನು ಸ್ಟೂಲುಗಳನ್ನು ಅಂಗಿ ಕಾಣದಂತೆ ಎದೆಗೆ ಇನ್ನಷ್ಟು ಒತ್ತಿಕೊಂಡ.

“ಯಾರೂ ಇಲ್ಲ ಆಂಟಿ. ಆಟದ ಜೊತೆ ಬಂದಿದ್ದ.”

“ನಾನೂ ಹಾಗೇ ಅಂದೆ. ಇವಳೊಬ್ಬಳು, ಎಲ್ಲೋ ನೋಡಿದ ಹಾಗಿದೆ ಅಂತಿದ್ಲು.”