ಯಲ್ಲಾಪುರದ ಬೀದಿಯಲ್ಲಿ ನನ್ನ ಮೊಬೈಲು

ಯಲ್ಲಾಪುರದಲ್ಲಿ ಮೊಬೈಲು ಎತ್ತಿ ಯಾವುದಾದರೂ ಗೋಡೆಯ ಫೋಟೋ ತೆಗೆದು ನೋಡಿ, ಆ ದಿನ ಸುಮ್ಮನೆ ಮನೆಗೆ ಮರಳುವುದು ಸಾಧ್ಯವಿಲ್ಲ. ನನಗಂತೂ ಪ್ರತಿ ಭಾನುವಾರ ಒಂದಲ್ಲ ಒಂದು ಫಜೀತಿ.

ಇದಕ್ಕೆಲ್ಲ ಕಾರಣ ಹುಬ್ಬಳ್ಳಿಯ ನನ್ನ ಭಾವ, ಹೆಂಡತಿಯ ಅಣ್ಣ. "ಮಾಗೋಡಿಗೆ ಹೋದ್ರ ಜಲಪಾತ ಐತಿ. ನಿಮ್ಮ ಪ್ಯಾಟ್ಯಾಗ ಏನೈತ್ರಿ ನೋಡಾಕ? ಬಸ್ ನಿಂತಾಗ ಚಾ ಕುಡಿಯೂದು, ಮುಂದ ಹೋಗೂದು" ಎಂದುಬಿಟ್ಟರು. ಇದೇ ಊರಿನ ಮಕ್ಕಳಿಗೆ ವರ್ಷಗಟ್ಟಲೆ ಚಿತ್ರಕಲೆ ಕಲಿಸಿದ ನನಗೆ ಮೈಯೆಲ್ಲ ಉರಿಯಿತು. ಬೀದಿ ಬೀದಿ ಅಲೆದು ಫೋಟೋ ತೆಗೆದು, ಪ್ರದರ್ಶನವಿಟ್ಟು, ಅವರ ಬಾಯಿಂದಲೇ ಊರನ್ನು ಹೊಗಳಿಸುತ್ತೇನೆ ಎಂದು ಹಠ ತೊಟ್ಟೆ. ಗೆಲ್ಲುವ ಬಗ್ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಮೆಟ್ಟಿಲು

ಹಳೆಯ ಅಂಗಡಿಯೊಂದರ ನೀಲಿ ಹಲಗೆ ಬಾಗಿಲಿಗೆ ಎಳೆಬಿಸಿಲು ಬಿದ್ದಿತ್ತು. ಎರಡು ಫೋಟೋ ತೆಗೆಯುವಷ್ಟರಲ್ಲಿ ಮಾಲೀಕರು ಓಡಿ ಬಂದರು. ನಮ್ಮಲ್ಲಿ ಕಟ್ಟಡದ ಫೋಟೋ ತೆಗೆಯುವವನೆಂದರೆ ಸರ್ಕಾರದವನೇ.

"ರಸ್ತೆ ಅಗಲ ಮಾಡ್ತಾರಾ ಸರ್? ಮೆಟ್ಟಿಲು ಗಟಾರದ ಮೇಲೆ ಬಂದದ್ದು ಹೌದು. ಆದ್ರೆ ಅದು ಅಪ್ಪ ಕಟ್ಸಿದ್ದು ಮಾರಾಯ್ರೆ, ನಂದು ಎಂತದೂ ಇಲ್ಲ!"

"ಬಾಗಿಲು ಚೆಂದ ಇದೆ ಅಂತ ತೆಗೆದೆ" ಎಂದೆ. ನಂಬಲಿಲ್ಲ. ಮುಂದಿನ ಭಾನುವಾರ ಹೋದರೆ ಮೆಟ್ಟಿಲೇ ಇಲ್ಲ. ಗಿರಾಕಿಗಳೆಲ್ಲ ಗಟಾರ ಹಾರಿ ಒಳಗೆ ಹೋಗುತ್ತಿದ್ದರು.

ಕೋಟು

ಲಾರಿ ಸೀಟು ಹೊಲಿಯುವ ಸಾಹೇಬರೊಬ್ಬರಿದ್ದಾರೆ. ಹಲ್ಲಲ್ಲಿ ದಾರ ಕಚ್ಚಿ ಸೂಜಿ ಎಳೆಯುವಾಗ ಅವರ ಮುಖ ನೋಡಬೇಕು! ಫೋಟೋ ಅಂದೊಡನೆ "ಐದು ನಿಮಿಷ ಸರ್" ಎಂದು ಹೋದವರು ಒಂದು ತಾಸು ಬಿಟ್ಟು ಬಂದರು. ಮೈಮೇಲೆ ಮದುವೆಯ ಕೋಟು, ಘಮಘಮ ಅತ್ತರು. ಸೀಟನ್ನು ಪರದೆಯ ಹಿಂದೆ ತಳ್ಳಿ, ಮೊಣಕಾಲ ಮೇಲೆ ಕೈಯಿಟ್ಟು ಕೂತರು.

"ಕೆಲಸ ಮಾಡೋದನ್ನು ತೆಗೀಬೇಕಿತ್ತು" ಎಂದೆ.

"ಈ ಕೋಟ್ ಹಾಕ್ಕೊಂಡು ಯಾರಾದ್ರೂ ಸೀಟ್ ಹೊಲೀತಾರಾ ಸರ್? ನೀವೇ ಹೇಳಿ!"

ಹುಂಜ

ಕೊನೆಗೂ ಪ್ರದರ್ಶನದ ದಿನ ಬಂತು. ಭಾವ ಹಿಂದಿನ ದಿನವೇ ಬಂದು ನಮ್ಮಲ್ಲಿ ಉಳಿದಿದ್ದರು. ಫೋಟೋಗಳನ್ನು ಸರಸರ ನೋಡಿ ಬಾಗಿಲ ಕಡೆ ಹೊರಟೇಬಿಟ್ಟರು.

ಅಷ್ಟರಲ್ಲಿ ನಮ್ಮ ಓಣಿಯ ಹೆಂಗಸೊಬ್ಬಳು ಮಂಜು ಕವಿದ ಗಲ್ಲಿಯ ಫೋಟೋದ ಮುಂದೆ ಕೂಗಿಕೊಂಡಳು. "ಅಯ್ಯೋ, ನಮ್ಮನೆ ಹುಂಜ! ನರಿ ಹಿಡ್ಕಂಡು ಹೋಯ್ತು ಅಂದಿದ್ರು!"

ನೋಡಿದರೆ ಹೌದು, ಅವಳ ಪಕ್ಕದ ಮನೆಯವನ ಕಂಪೌಂಡಿನ ಮೇಲೆ ಹುಂಜ ಕೂತಿದೆ. ಕೆಳಗೆ ತಾರೀಖು ನಾನೇ ಬರೆದಿದ್ದೇನೆ. ನರಿ ಬಂದು ಹೋದ ಎರಡು ವಾರದ ನಂತರದ್ದು!

ಭಾವ ಬಾಗಿಲಿಂದ ವಾಪಸ್ ಓಡಿ ಬಂದರು. ಕನ್ನಡಕ ಒರೆಸಿಕೊಂಡು ಒಂದೊಂದೇ ಫೋಟೋಗೆ ಮೂಗು ಹಚ್ಚಿದರು. ಯಾವ ಗಲ್ಲಿ ಎಲ್ಲಿ ಸೇರುತ್ತದೆ, ಯಾವ ಹಿತ್ತಿಲಿಗೆ ಯಾವ ಬಾಗಿಲು, ಎಲ್ಲ ಕೇಳಿ ತಿಳಿದುಕೊಂಡರು. ಮಧ್ಯಾಹ್ನವಾದರೂ ಕದಲಲಿಲ್ಲ.

"ಭಾವಾ, ನಾ ತಪ್ಪು ತಿಳ್ಕೊಂಡಿದ್ದೆ. ನಿಮ್ಮೂರಾಗ ನೋಡೂದು ಭಾಳ ಐತ್ರಿ! ಆ ಹುಂಜ ಸಿಗೂತನಾ ನಾ ಹುಬ್ಬಳ್ಳಿಗೆ ಹೋಗಂಗಿಲ್ಲ!"

ನಾನು ಗೆದ್ದಿದ್ದೆ. ಹಿಗ್ಗಿ ಸುತ್ತ ನೋಡಿದರೆ, ಆ ಪಕ್ಕದ ಮನೆಯವನು ಮೂಲೆಯಲ್ಲಿ ನಿಂತು ನನಗೆ ಕೈಮುಗಿಯುತ್ತಿದ್ದ. ಆಗ ನೆನಪಾಯಿತು. ಭಾವ ಬರುತ್ತಾರೆಂದು ನಿನ್ನೆ ನಾನು ಒಂದು ಹುಂಜ ಕೊಂಡದ್ದು ಅವನ ಹತ್ತಿರವೇ. ಭಾವ ಅದರ ಸಾರನ್ನು ಮೂರು ಸಲ ಹಾಕಿಸಿಕೊಂಡು ಉಂಡಿದ್ದರು.