ಒತ್ತಿದರೆ ಚಾಲೂ, ಒತ್ತಿದರೆ ಬಂದ್

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕಡೆ ಅಂಜುಬುರುಕರ ಪಂದ್ಯ ಇಟ್ಟರೆ ಮೊದಲ ಬಹುಮಾನ ನಮ್ಮ ಕಾಕಾನ ಮಗನಿಗೇ! ಆದರೆ ಅದನ್ನು ತರಲು ವೇದಿಕೆ ಹತ್ತಬೇಕಾದವನು ನಾನು. ಅವನಿಗೆ ಮೆಟ್ಟಿಲೆಂದರೂ ಭಯ.

ಸಿಂದಗಿ ಬಸ್ ಸ್ಟ್ಯಾಂಡ್ ಎದುರಿಗೆ ಅವನದೊಂದು ಕಂಪ್ಯೂಟರ್ ಅಂಗಡಿ. ಬೀಗ ಹಾಕಿ ಜಗ್ಗುತ್ತಾನೆ, ಹತ್ತು ಹೆಜ್ಜೆ ಹೋಗಿ ತಿರುಗಿ ಬಂದು ಮತ್ತೆ ಜಗ್ಗುತ್ತಾನೆ. ಒಮ್ಮೆ ಹಾಗೆ ಜಗ್ಗಿ ಜಗ್ಗಿ ಕೊಂಡಿಯೇ ಕಿತ್ತು ಕೈಗೆ ಬಂತು! ಕಳ್ಳರಿಗೆ ಇಷ್ಟು ಉಪಕಾರ ಯಾರು ಮಾಡುತ್ತಾರೆ ಹೇಳಿ?

ತಲೆ ಮಾತ್ರ ಚುರುಕು. ಹಳೇ ಪ್ರಿಂಟರು, ಸ್ಕ್ಯಾನರುಗಳು ಕಂಪ್ಯೂಟರಿನ ಮಾತು ಕೇಳಬೇಕಾದರೆ ಒಂದೊಂದಕ್ಕೂ ಡ್ರೈವರ್ ಎಂಬ ತಂತ್ರಾಂಶ ಬೇಕು. ಅವನ್ನೆಲ್ಲ ಆಳಲು ತಾನೇ ಒಂದು ಪ್ರೋಗ್ರಾಮ್ ಬರೆದ. ಬಟನ್ ಒತ್ತಿದರೆ ಡ್ರೈವರ್ ಚಾಲೂ, ಅದನ್ನೇ ಇನ್ನೊಮ್ಮೆ ಒತ್ತಿದರೆ ಬಂದ್. ಆದರೆ ಇವನು ಯಾವುದನ್ನಾದರೂ ಒಂದೇ ಸಲ ಒತ್ತಿದ್ದುಂಟೇ? ಖಾತ್ರಿಗೆ ಎರಡು ಸಲ!

"ಅಣ್ಣಾ, ಈಗ ಚಾಲೂ ಇತ್ತು, ಈಗ ಇಲ್ಲ. ಏನೋ ಹೊಕ್ಕೈತಿ ಇದರಾಗ!"

ನನಗೆ ಕಾರಣ ಮೊದಲ ದಿನವೇ ಹೊಳೆದಿತ್ತು. ಹೇಳಿಬಿಟ್ಟರೆ ನಾನು ನಾನಾಗುತ್ತೇನೆಯೇ? "ಹೌದೋ ತಮ್ಮಾ, ಇದರ ಮೊದಲಿನ ಮಾಲಕ ಪ್ರಿಂಟರ್ ಮ್ಯಾಲೆ ಕೈ ಇಟ್ಟಾಗನ ಸತ್ತಾನಂತ" ಎಂದೆ. ಮರುದಿನ ಪ್ರಿಂಟರಿಗೆ ನಿಂಬೆಹಣ್ಣು, ಮೆಣಸಿನಕಾಯಿ!

ಒಂದು ಸಂಜೆ ಆಲಮೇಲದ ಹುಡುಗಿಯೊಬ್ಬಳು ಓಡಿ ಬಂದಳು. ಬೆಳಗಾದರೆ ಕಲಬುರಗಿಯಲ್ಲಿ ನರ್ಸಿಂಗ್ ಪರೀಕ್ಷೆ, ಹಾಲ್ ಟಿಕೆಟ್ ಬೇಕು. ಕೊನೆಯ ಬಸ್ಸಿಗೆ ಹತ್ತೇ ನಿಮಿಷ. ಅಮಾವಾಸ್ಯೆಯೆಂದು ಉಳಿದ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು.

ಇವನು ಒತ್ತಿದ. ಮತ್ತೆ ಒತ್ತಿದ. ಬಂದ್. ಹಣೆಯ ಮೇಲೆ ಬೆವರು. ಹುಡುಗಿಯ ಕಣ್ಣು ತುಂಬಿತು. ನಾನು ಕುಳಿತಲ್ಲಿಂದ ಎದ್ದೆ.

"ಲೇ, ದೆವ್ವ ಅಲ್ಲೋ! ಎರಡನೇ ಸಲ ಒತ್ತಿದ್ರ ಬಂದ್ ಆಗ್ತೈತಿ. ನಾ ಸುಳ್ಳ ಹೇಳಿದ್ದೆ, ಸರಿ ಅತ್ತಾಗ!" ಎಂದು ನಾನೇ ಒಂದು ಸಲ ಒತ್ತಿದೆ. ನಾನು ಕೈ ತೆಗೆಯುವುದರೊಳಗೆ ಅವನು ಖಾತ್ರಿಗೆಂದು ಇನ್ನೊಮ್ಮೆ ಒತ್ತಿದ, ಮತ್ತೆ ಬಂದ್!

"ನನ್ನ ಬೆರಳು ನಿಲ್ಲಂಗಿಲ್ಲ ಅಣ್ಣಾ, ಬಟನ್ನ ಬದಲ ಮಾಡ್ತೇನಿ" ಎಂದು ಕುಳಿತ. ಐದೇ ನಿಮಿಷ. ಚಾಲೂಗೆ ಬೇರೆ ಬಟನ್, ಬಂದ್‌ಗೆ ಬೇರೆ. ಚಾಲೂ ಬಟನ್ ಏಳು ಸಲ ಒತ್ತಿದ. ಚಾಲೂ ಚಾಲೂವಾಗಿಯೇ ಉಳಿಯಿತು! ಹಾಳೆ ಹೊರಬಂತು.

ಹುಡುಗಿ ಅದನ್ನು ಹಿಡಿದು ಅವನೆದುರು ನಿಂತೇ ಇದ್ದಳು. "ಕಾಕಾ, ಕೈ ನಡಗಾಕತ್ತಾವ್ರಿ. ನಾಳೆ ಹೆಂಗ ಬರೀಲಿ?"

"ನಡಗಲಿ ಬಿಡವ್ವಾ" ಎಂದ ನಮ್ಮ ಅಂಜುಬುರುಕ. "ನಾ ನಡಗೋ ಕೈಲೇನ ಅಂಗಡಿ ನಡಸೇನಿ, ಮಕ್ಕಳನ್ನ ಸಾಕೇನಿ. ನಡಗೋ ಕೈನೂ ಕೆಲಸಾ ಮಾಡ್ತಾವ. ಓಡು, ಬಸ್ ಬಿಡ್ತೈತಿ."

ಅವಳು ಓಡಿದಳು. ಇಷ್ಟು ವರ್ಷ ಅವನನ್ನು ಹೆದರಿಸಿದ್ದನ್ನೇ ನನ್ನ ಧೈರ್ಯ ಎಂದುಕೊಂಡಿದ್ದೆ. ಅಂದು ಅವನ ಹೆಗಲ ಮೇಲೆ ಕೈ ಇಡಲು ನನಗೇ ಅಂಜಿಕೆಯಾಯಿತು.