ಒಂದು ಸೆಕೆಂಡಿನ ಉತ್ತರ

ನನಗೆ ಉತ್ತರ ಹೊಳೆಯುವಷ್ಟರಲ್ಲಿ ಪ್ರಶ್ನೆ ಕೇಳಿದವರು ಮನೆ ಸೇರಿರುತ್ತಾರೆ. ಇದು ಜಂಬವಲ್ಲ, ತಪ್ಪೊಪ್ಪಿಗೆ. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಮೊಳಕೆ ಪರೀಕ್ಷೆ ಮಾಡುವುದು ನನ್ನ ಕೆಲಸ. ಮೆಣಸಿನಕಾಯಿ ಬೀಜವನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟು, ಏಳನೇ ದಿನ ಒಮ್ಮೆ, ಹದಿನಾಲ್ಕನೇ ದಿನ ಇನ್ನೊಮ್ಮೆ ಮೊಳಕೆ ಎಣಿಸುತ್ತೇನೆ. ಇಪ್ಪತ್ತು ವರ್ಷ ಹೀಗೆ ಕಾದವನಿಗೆ ಹೆಂಡತಿಯ ಪ್ರಶ್ನೆಗೂ ಹದಿನಾಲ್ಕು ದಿನ ಬೇಕೆನಿಸುವುದು ಸಹಜ. ಅವಳಿಗೆ ಹಾಗನಿಸುವುದಿಲ್ಲ.

ಶಿಕ್ಷಕಿಯಾದ ನನ್ನ ಹೆಂಡತಿ ಗಿರಿಜಾಗೆ ಗುತ್ತಲದ ಕಡೆಯ ಶಾಲೆಯೊಂದಕ್ಕೆ ಮುಖ್ಯೋಪಾಧ್ಯಾಯಿನಿಯಾಗಿ ಹೋಗುವ ಅವಕಾಶ ಬಂತು. ದಿನವೂ ಬೆಳಿಗ್ಗೆ ಏಳರ ಬಸ್ಸು ಹಿಡಿಯಬೇಕು. "ಹೂಂ ಅನ್ರಿ, ಇಲ್ಲಾ ಬ್ಯಾಡ ಅನ್ರಿ. ಸೋಮವಾರ ನಾ ತಿಳಸಬೇಕು," ಎಂದಳು. ನಾನು "ನೋಡೂಣು" ಎಂದೆ. ಅವಳ ಮುಖ ಸಣ್ಣದಾಯಿತು. ನಾಲ್ಕು ದಿನ ಮಾತಿಲ್ಲ. ನನಗೂ ಸಂಕಟವಾಗಿತ್ತು, ಆದರೆ ಅದನ್ನು ಹೇಳಲೂ ನನಗೆ ಸಮಯ ಬೇಕು.

ಭಾನುವಾರ, ನಿಧಾನವೇ ಜಾಣತನವೆಂದು ಸಾಧಿಸಲು ಲ್ಯಾಪ್‌ಟಾಪಿನಲ್ಲಿ ಎರಡು ಚೆಸ್ ಪ್ರೋಗ್ರಾಂಗಳನ್ನು ಎದುರುಬದುರು ಕೂರಿಸಿದೆ. ಚುರುಕಿನದು ಅವಳ ಪಾಲಿಗೆ, ಹಳೆಯದು ನನ್ನ ಪಾಲಿಗೆ. ನಡೆಗೊಂದು ಸೆಕೆಂಡು ಕೊಟ್ಟಾಗ ನನ್ನದು ಹತ್ತರಲ್ಲಿ ಎಂಟು ಆಟ ಸೋತಿತು. "ಥೇಟ್ ನಿಮ್ಮಂಗ ಐತಿ ನೋಡ್ರಿ!" ಎಂದು ನಕ್ಕಳು. ನಾಲ್ಕು ದಿನದ ಮೇಲೆ ಕೇಳಿದ ಆ ನಗು ಸೋಲನ್ನೂ ಹಿತವಾಗಿಸಿತು. "ತಡಿ, ಟೈಮ್ ಕೊಡೂಣು," ಎಂದು ನಡೆಗೆ ಅರ್ಧ ನಿಮಿಷ ಮಾಡಿದೆ. ಊಟದಿಂದ ಸಂಜೆ ಚಹಾದವರೆಗೆ ಮೂರೇ ಆಟ ನಡೆದವು. ಮೂರೂ ಸಮ. ನನ್ನದು ಸುಧಾರಿಸಿತ್ತು, ಆದರೆ ಗೆಲ್ಲಲಿಲ್ಲ.

"ಟೈಮ್ ಸಿಕ್ರ ಇಬ್ಬರೂ ಶಾಣ್ಯಾ ಆಗ್ತಾರ, ಖರೇ," ಎಂದಳು ಗಿರಿಜಾ. "ಆದ್ರ ನಾಳೆ ಸೋಮವಾರ ಐತ್ರಿ. ನನ್ನ ಕಡೆ ಅಷ್ಟು ಟೈಮ್ ಇಲ್ಲ." ಲ್ಯಾಪ್‌ಟಾಪ್ ಮುಚ್ಚಿದಳು.

"ಹೋಗು ನೀ. ಮುಂಜಾನಿ ರೊಟ್ಟಿ ನಾ ಬಡೀತೇನಿ," ಎಂದೆ. ಒಂದು ಸೆಕೆಂಡೂ ಆಗಿರಲಿಲ್ಲ. ಇಬ್ಬರೂ ಬೆರಗಾದೆವು.

ಆಮೇಲೆ ನನ್ನ ಪದ್ಧತಿಯಂತೆ ಸಾವಕಾಶವಾಗಿ ಯೋಚಿಸಿದಾಗ ನೆನಪಾಯಿತು, ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಹೊಸ ಶಾಲೆಗೆ ನನ್ನ ರೊಟ್ಟಿ ಒಯ್ಯತೊಡಗಿದ ಏಳನೇ ದಿನ ಮನೆಗೆ ಬಂದವಳೇ, "ಇವತ್ತ ರೊಟ್ಟಿ ಮುರ್ಯಾಕ ಇಬ್ಬರು ಟೀಚರ್ ಬೇಕಾದ್ರು," ಎಂದಳು. ಆದರೂ ಡಬ್ಬಿ ಖಾಲಿಯಾಗಿತ್ತು.

"ಇದು ಮೊದಲನೇ ಎಣಿಕಿ. ಹದಿನಾಲ್ಕನೇ ದಿನ ನೋಡು," ಎಂದೆ ಧೈರ್ಯವಾಗಿ.

ನಾಳೆ ಹದಿನಾಲ್ಕನೇ ದಿನ. ಹಿಟ್ಟಿಗೆ ಬಿಸಿನೀರು ಹಾಕಬೇಕೋ ತಣ್ಣೀರೋ ಎಂದು ಮಧ್ಯಾಹ್ನದಿಂದ ಯೋಚಿಸುತ್ತಿದ್ದೇನೆ.